ಮನೆಪತ್ರ ಒತ್ತೆಯಿಡುವ ಮುನ್ನ

ಇಂಜಿನಿಯರಿಂಗ್ ಅಂತಿಮ ವರ್ಷದ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಅನೇಕ ಕುಟುಂಬಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ಮಗನೋ ಮಗಳೋ ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳಲು ಬಯಸುತ್ತಾರೆ. ಪಟ್ಟಣದ ಸಲಹಾ ಕೇಂದ್ರವೊಂದು ಕೆಲವೇ ವಾರಗಳಲ್ಲಿ ಪ್ರವೇಶಪತ್ರವನ್ನು ತರಿಸಿಕೊಡುತ್ತದೆ. ಉಳಿಯುವುದು ಹಣದ ಪ್ರಶ್ನೆ. ವಿದೇಶ ವ್ಯಾಸಂಗಕ್ಕೆ ಏಳೂವರೆ ಲಕ್ಷ ರೂಪಾಯಿಗಿಂತ ಹೆಚ್ಚಿನ ಸಾಲ ಬೇಕಾದಾಗ ಬ್ಯಾಂಕುಗಳು ಸಾಮಾನ್ಯವಾಗಿ ಸ್ಥಿರಾಸ್ತಿಯ ಭದ್ರತೆಯನ್ನು ಕೇಳುತ್ತವೆ. ಹೀಗೆ, ತಂದೆ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಕಟ್ಟಿಸಿದ ಮನೆಯ ಪತ್ರ, ಇಲ್ಲವೇ ಅಜ್ಜನ ಕಾಲದಿಂದ ಬಂದ ತೋಟದ ಪತ್ರ, ಬ್ಯಾಂಕಿನ ಕಪಾಟನ್ನು ಸೇರುತ್ತದೆ.

ಸಾಲ ಮಾಡುವುದೇ ತಪ್ಪೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಆದರೆ ಆ ಪತ್ರವನ್ನು ಕಪಾಟಿನಿಂದ ಹೊರತೆಗೆಯುವ ಮುನ್ನ ಎಷ್ಟು ಮನೆಗಳಲ್ಲಿ ಒಂದಾದರೂ ವಿದ್ಯಾರ್ಥಿವೇತನಕ್ಕೆ ಶ್ರದ್ಧೆಯಿಂದ ಅರ್ಜಿ ಸಲ್ಲಿಸಲಾಗಿದೆ ಎಂದು ಕೇಳಿದರೆ ಉತ್ತರ ಸಮಾಧಾನಕರವಾಗಿರುವುದಿಲ್ಲ. 'ಅದೆಲ್ಲ ರ‍್ಯಾಂಕ್ ಪಡೆದವರಿಗೆ' ಎಂದು ಕೆಲವರು, 'ಅದೆಲ್ಲ ಕಡುಬಡವರಿಗೆ' ಎಂದು ಇನ್ನು ಕೆಲವರು, 'ಅದಕ್ಕೆಲ್ಲ ಶಿಫಾರಸು ಬೇಕು' ಎಂದು ಮತ್ತೆ ಕೆಲವರು ಕೈಬಿಡುತ್ತಾರೆ. ಈ ಮೂರು ಮಾತುಗಳಲ್ಲೂ ಅಲ್ಪಸ್ವಲ್ಪ ಸತ್ಯವಿದೆ. ಪೂರ್ಣ ಸತ್ಯ ಯಾವುದರಲ್ಲೂ ಇಲ್ಲ. ಇಂಜಿನಿಯರಿಂಗ್ ಸ್ನಾತಕೋತ್ತರ ಅಧ್ಯಯನಕ್ಕೆ ದೊರೆಯುವ ನೆರವಿನ ಬಹುಪಾಲು, ತಾನು ಮಾಡಿದ ಕೆಲಸವನ್ನು ಸಾಕ್ಷ್ಯಸಹಿತ ತೋರಿಸಬಲ್ಲವನಿಗೆ ಸಲ್ಲುತ್ತದೆ. ಆ ಸಾಕ್ಷ್ಯವನ್ನು ಅರ್ಜಿಯ ತಿಂಗಳಲ್ಲಿ ತಯಾರಿಸಲು ಸಾಧ್ಯವಿಲ್ಲ. ಅದು ಎರಡನೆಯ, ಮೂರನೆಯ ವರ್ಷದಲ್ಲೇ ಮೊಳೆಯಬೇಕು.

ಮೊದಲು ನಮ್ಮ ದೇಶದೊಳಗಿನ ಮಾತು. ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಏಳು ಐ.ಐ.ಟಿ.ಗಳು ಸರದಿಯಂತೆ ನಡೆಸುವ ಗೇಟ್ ಪರೀಕ್ಷೆಯ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಆದರೆ ಅದರಲ್ಲಿ ಅರ್ಹತೆ ಗಳಿಸಿ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಮಾನ್ಯತೆಯಿರುವ ಸಂಸ್ಥೆಯಲ್ಲಿ ಪೂರ್ಣಾವಧಿಯ ಎಂ.ಟೆಕ್.ಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆಂಬುದು ಅನೇಕ ತಂದೆತಾಯಂದಿರಿಗೆ ತಿಳಿದಿಲ್ಲ. ಇದು ದೊಡ್ಡ ಮೊತ್ತವಲ್ಲ. ಆದರೂ ಹಾಸ್ಟೆಲ್ಲಿನ ಊಟವಸತಿಯ ಹೊರೆಯನ್ನು ಮನೆಯ ಮೇಲಿನಿಂದ ಬಹುಮಟ್ಟಿಗೆ ಇಳಿಸುತ್ತದೆ. ಪ್ರತಿಯಾಗಿ ವಿದ್ಯಾರ್ಥಿ ವಾರಕ್ಕೆ ಎಂಟು ಗಂಟೆ ಪ್ರಯೋಗಾಲಯದಲ್ಲೋ ತರಗತಿಯಲ್ಲೋ ವಿಭಾಗದ ಕೆಲಸಕ್ಕೆ ನೆರವಾಗಬೇಕು. ಅದು ಕೂಡ ಕಲಿಕೆಯೇ.

ಗೇಟ್ ಪರೀಕ್ಷೆಯ ಬಗ್ಗೆ ತರಬೇತಿ ಕೇಂದ್ರಗಳು ಹುಟ್ಟಿಸಿರುವ ಭಯ ಬಹಳ. ಮೂರು ಗಂಟೆಯ, ನೂರು ಅಂಕಗಳ ಈ ಪರೀಕ್ಷೆಯಲ್ಲಿ 15 ಅಂಕಗಳು ಸಾಮಾನ್ಯ ಸಾಮರ್ಥ್ಯಕ್ಕೆ, ಬಹುತೇಕ ಇಂಜಿನಿಯರಿಂಗ್ ಶಾಖೆಗಳಲ್ಲಿ ಮತ್ತೆ ಸುಮಾರು 13 ಅಂಕಗಳು ಗಣಿತಕ್ಕೆ ಮೀಸಲಾಗಿವೆ. ಅಂದರೆ ನಾಲ್ಕನೆಯ ಒಂದು ಪಾಲಿಗಿಂತಲೂ ಹೆಚ್ಚು ಅಂಕಗಳು, ವಿದ್ಯಾರ್ಥಿ ಮೊದಲ ನಾಲ್ಕು ಸೆಮಿಸ್ಟರುಗಳಲ್ಲಿ ಓದಿ 'ಮುಗಿಯಿತು' ಎಂದು ಬದಿಗಿಟ್ಟ ಗಣಿತ ಹಾಗೂ ಸಾಧಾರಣ ತರ್ಕ, ಭಾಷಾಜ್ಞಾನಗಳಿಂದಲೇ ಬರುತ್ತವೆ. ಉಳಿದ ಪಠ್ಯದಲ್ಲೂ ಪ್ರಶ್ನೆಗಳು ಮೂಲತತ್ತ್ವವನ್ನೇ ಕೆದಕುತ್ತವೆ. ಆಯ್ಕೆ ಕೊಟ್ಟು ಒಂದೇ ಉತ್ತರ ಕೇಳುವ ಪ್ರಶ್ನೆಗಳಲ್ಲಿ ತಪ್ಪಿದರೆ ಅಂಕ ಕಳೆಯುತ್ತಾರೆ. ಲೆಕ್ಕ ಮಾಡಿ ಸಂಖ್ಯೆಯನ್ನೇ ಬರೆಯುವ ಪ್ರಶ್ನೆಗಳಲ್ಲಿ ಕಳೆಯುವುದಿಲ್ಲ. ಹೀಗಾಗಿ ಊಹೆಯ ಬಲದ ಮೇಲೆ ಪರೀಕ್ಷೆ ಪಾಸು ಮಾಡುವ ಅಭ್ಯಾಸವುಳ್ಳವರಿಗೆ ಇದು ಕಷ್ಟ, ಕೈಯಾರೆ ಲೆಕ್ಕ ಬಿಡಿಸುವ ಅಭ್ಯಾಸವುಳ್ಳವರಿಗೆ ಅಷ್ಟು ಕಷ್ಟವಲ್ಲ. ಹಿಂದಿನ ಹತ್ತು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಬಿಡಿಸಿದ ವಿದ್ಯಾರ್ಥಿ, ಸಾವಿರಾರು ರೂಪಾಯಿ ತೆತ್ತು ತರಬೇತಿ ಪಡೆದು ಮನೆಯಲ್ಲಿ ಒಂದು ಲೆಕ್ಕವನ್ನೂ ಮಾಡದವನಿಗಿಂತ ಮುಂದಿರುತ್ತಾನೆ ಎಂಬುದು ನಮ್ಮ ಅಭಿಪ್ರಾಯ. ಈಗ ಮೂರನೆಯ ವರ್ಷದಲ್ಲೇ ಈ ಪರೀಕ್ಷೆ ಬರೆಯಬಹುದು. ಗಳಿಸಿದ ಅಂಕ ಮೂರು ವರ್ಷ ಊರ್ಜಿತ. ಆದ್ದರಿಂದ ಮೊದಲ ಸಲ ಬರೆದಾಗ ಕಡಿಮೆ ಬಂದರೆ ಅಂತಿಮ ವರ್ಷದಲ್ಲಿ ಇನ್ನೊಮ್ಮೆ ಬರೆಯಲು ಅವಕಾಶ ಉಳಿದೇ ಇರುತ್ತದೆ.

ಒಳ್ಳೆಯ ಅಂಕ ಪಡೆದವರೂ ಎಡವುವ ಜಾಗ ಒಂದಿದೆ. ಗೇಟ್ ಅಂಕಪಟ್ಟಿ ಬಂದೊಡನೆ ಸೀಟು ತಾನಾಗಿ ಬರುವುದಿಲ್ಲ. ಪ್ರತಿಯೊಂದು ಐ.ಐ.ಟಿ.ಗೂ, ವಿಜ್ಞಾನ ಸಂಸ್ಥೆಗೂ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು, ಸುರತ್ಕಲ್‌ನ ಎನ್.ಐ.ಟಿ.ಕೆ.ಯಂತಹ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಿಗೆ ಬೇರೊಂದು ಸಾಮೂಹಿಕ ಪ್ರವೇಶ ವ್ಯವಸ್ಥೆಯಿದೆ. ಫಲಿತಾಂಶದ ಸಂತೋಷದಲ್ಲಿ ಇವುಗಳ ಗಡುವು ತಪ್ಪಿಸಿಕೊಂಡರೆ ಒಂದು ವರ್ಷ ಕೈತಪ್ಪಿತೆಂದೇ ಲೆಕ್ಕ. ಸಂಶೋಧನೆಯ ಮೂಲಕ ಪಡೆಯುವ ಎಂ.ಟೆಕ್. ಅಥವಾ ಎಂ.ಎಸ್. ಪದವಿಗಳಿಗೆ ಸಂದರ್ಶನವೂ ಇರುತ್ತದೆ. ಅಲ್ಲಿ ಎಂಟು ಸೆಮಿಸ್ಟರಿನ ಎಲ್ಲ ವಿಷಯಗಳನ್ನೂ ತೇಲಿಸಿ ಹೇಳುವವನಿಗಿಂತ, ಎರಡೇ ವಿಷಯಗಳನ್ನು ಬುಡದಿಂದ ಅರಿತು, ತಿಳಿಯದ ಪ್ರಶ್ನೆಗೆ 'ತಿಳಿಯದು, ಆದರೆ ಹೀಗೆ ಯೋಚಿಸಿ ನೋಡುತ್ತೇನೆ' ಎಂದು ಕಪ್ಪುಹಲಗೆಯ ಬಳಿಗೆ ಹೋಗುವವನಿಗೆ ಹೆಚ್ಚು ಬೆಲೆ.

ಪಿಎಚ್.ಡಿ.ಯ ವಿಚಾರ ಇನ್ನೂ ಸ್ಪಷ್ಟ. 2023ರ ಪರಿಷ್ಕರಣೆಯ ನಂತರ ಕೇಂದ್ರ ಸರ್ಕಾರದ ಸಂಶೋಧನಾ ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿಗೆ ಏರಿತು. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್‌ನ ಮೊತ್ತ ಇದರ ಸುಮಾರು ಎರಡರಷ್ಟು; ಅದಕ್ಕೆ ಪೈಪೋಟಿಯೂ ಅಷ್ಟೇ ತೀವ್ರ. ನಮ್ಮ ಮನೆಗಳಲ್ಲಿ ಮಗನಿಗೆ ಇಷ್ಟೇ ಸಂಬಳದ ಸಾಫ್ಟ್‌ವೇರ್ ನೌಕರಿ ಸಿಕ್ಕರೆ ಸಿಹಿ ಹಂಚುತ್ತೇವೆ. ಸಂಶೋಧನೆಗೆ ಸೇರುತ್ತೇನೆಂದರೆ 'ಇನ್ನೂ ಎಷ್ಟು ವರ್ಷ ಓದುವೆ?' ಎಂದು ಕೇಳುತ್ತೇವೆ. ಮಗಳು ಈ ಮಾತೆತ್ತಿದರಂತೂ ಮದುವೆಯ ವಯಸ್ಸಿನ ಲೆಕ್ಕಾಚಾರ ಆರಂಭವಾಗುತ್ತದೆ.

ಈ ಸಂದರ್ಭದಲ್ಲಿ ನಮ್ಮ ನಾಡಿನ ರಾಜೇಶ್ವರಿ ಚಟರ್ಜಿಯವರನ್ನು ನೆನೆಯಬೇಕು. 1922ರಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧಕಿಯಾಗಿ ಸೇರಿದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಅಂದಿನ ಸರ್ಕಾರ ಪ್ರತಿಭಾವಂತ ತರುಣರನ್ನು ಹೊರದೇಶಕ್ಕೆ ಕಳುಹಿಸಲು ವಿದ್ಯಾರ್ಥಿವೇತನ ಪ್ರಕಟಿಸಿದಾಗ ಆಯ್ಕೆಯಾದರು. 1947ರಲ್ಲಿ ಹಡಗಿನಲ್ಲಿ ಸುಮಾರು ಒಂದು ತಿಂಗಳು ಪಯಣಿಸಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯವನ್ನು ಸೇರಿದರು. ವಿದ್ಯುತ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಯ ಬಳಿಕ, ಏಷ್ಯಾದ ಮಹಿಳೆಯರಿಗೆಂದೇ ಆ ವಿಶ್ವವಿದ್ಯಾಲಯದಲ್ಲಿದ್ದ ಬಾರ್ಬರ್ ವಿದ್ಯಾರ್ಥಿವೇತನವನ್ನು ಗಳಿಸಿ ಡಾಕ್ಟರೇಟ್ ಮುಗಿಸಿದರು. 1953ರಲ್ಲಿ ಮರಳಿ ಬಂದು ವಿಜ್ಞಾನ ಸಂಸ್ಥೆಯಲ್ಲೇ ಮೈಕ್ರೋವೇವ್ ಹಾಗೂ ಆಂಟೆನಾ ವಿಷಯಗಳಲ್ಲಿ ದಶಕಗಳ ಕಾಲ ಬೋಧಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ವಿದ್ಯಾರ್ಥಿವೇತನ ಬರುವ ಮೊದಲೇ ಅವರು ಪ್ರಯೋಗಾಲಯದಲ್ಲಿದ್ದರು. ಒಂದು ನೆರವು ಮುಗಿಯುವ ಹೊತ್ತಿಗೆ, ಅಲ್ಲಿ ಮಾಡಿದ ಕೆಲಸದ ಬಲದಿಂದ, ಮತ್ತೊಂದನ್ನು ಗಳಿಸಿಕೊಂಡರು. ಹೆಣ್ಣುಮಗಳೊಬ್ಬಳು ಹಡಗು ಹತ್ತಿ ಹೋದ ಎಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಅನಂತರ ನಾವು ಚೆನ್ನೈಗೆ ರೈಲು ಹತ್ತಿಸಲು ಹಿಂಜರಿಯುವುದು ಸೋಜಿಗವೇ ಸರಿ.

ಇನ್ನು ವಿದೇಶದ ಮಾತು. ಇಲ್ಲಿ ಪದವಿಯ ಹೆಸರಿನಲ್ಲೇ ಹಣದ ಗುಟ್ಟು ಅಡಗಿರುತ್ತದೆ. ಅಮೆರಿಕದಲ್ಲಿ ಎಂ.ಎಸ್. ಪದವಿಗೆ ಸೇರುವ ಬಹುಪಾಲು ವಿದ್ಯಾರ್ಥಿಗಳು ಸ್ವಂತ ಖರ್ಚಿನಿಂದ ಓದುತ್ತಾರೆ. ಆದರೆ ಅದೇ ವಿಭಾಗದಲ್ಲಿ ಪಿಎಚ್.ಡಿ.ಗೆ ಆಯ್ಕೆಯಾದವರಿಗೆ ಸಾಮಾನ್ಯವಾಗಿ ಬೋಧನಾ ಇಲ್ಲವೇ ಸಂಶೋಧನಾ ಸಹಾಯಕ ಹುದ್ದೆ ದೊರೆತು, ಶುಲ್ಕ ಮನ್ನಾ ಆಗಿ, ಜೀವನಕ್ಕೆ ಸಾಕಾಗುವಷ್ಟು ವೇತನ ಸಿಗುತ್ತದೆ. ನಾಲ್ಕು ವರ್ಷದ ಬಿ.ಇ. ಮುಗಿಸಿದವರು ಅಲ್ಲಿ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೆಂಬುದನ್ನು ಸಲಹಾ ಕೇಂದ್ರಗಳು ಎಲ್ಲರಿಗೂ ಹೇಳುವುದಿಲ್ಲ. ಕೆನಡಾದಲ್ಲೂ ಸಂಶೋಧನಾಧಾರಿತ ಎಂ.ಎ.ಎಸ್ಸಿ. ಪದವಿಗೆ ಮಾರ್ಗದರ್ಶಕ ಪ್ರಾಧ್ಯಾಪಕರ ನಿಧಿಯಿಂದ ನೆರವು ದೊರೆಯುವುದು ರೂಢಿ. ಬರೀ ತರಗತಿಗಳ ಎಂ.ಇಂಜಿ. ಪದವಿಗೆ ಸಾಮಾನ್ಯವಾಗಿ ಇಲ್ಲ. ಐದು ವರ್ಷ ಸಂಶೋಧನೆಯಲ್ಲಿ ಮನಸ್ಸಿಲ್ಲದವನು ಬರಿಯ ಹಣಕ್ಕಾಗಿ ಪಿಎಚ್.ಡಿ. ಸೇರಬಾರದು, ನಿಜ. ಆದರೆ ಮನಸ್ಸಿದ್ದೂ, ಗೊತ್ತಿಲ್ಲದ ಕಾರಣಕ್ಕೆ ಮನೆ ಒತ್ತೆಯಿಟ್ಟು ಎಂ.ಎಸ್. ಸೇರುವುದು ದುಃಖದ ಸಂಗತಿ. ಅಮೆರಿಕದಲ್ಲೇ ನೆಲೆಸಿ ಅಲ್ಲಿನ ಪೌರತ್ವ ಪಡೆದ ನಮ್ಮ ಬಂಧುಗಳ ಮಕ್ಕಳಿಗಾದರೋ ಆ ದೇಶದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಪದವೀಧರ ಸಂಶೋಧನಾ ಫೆಲೋಶಿಪ್‌ಗೆ ಅರ್ಹತೆಯಿದೆ. ಇಲ್ಲಿಂದ ಹೋಗುವವರಿಗೆ ಅದಿಲ್ಲ.

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ 'ಜರ್ಮನಿಯಲ್ಲಿ ಎಲ್ಲವೂ ಉಚಿತ' ಎಂಬ ಮಾತು ಪೂರ್ತಿ ನಿಜವಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯೂರೋಪು ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಲ್ಲಿ ಶುಲ್ಕವನ್ನು ಜಾರಿಗೆ ತಂದಿತು. ಮೇಲಾಗಿ ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ನಿರ್ಬಂಧಿತ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ. ಆ ದೇಶದ ಡಿ.ಎ.ಎ.ಡಿ. ಸಂಸ್ಥೆ ಅಭಿವೃದ್ಧಿಶೀಲ ದೇಶಗಳವರಿಗಾಗಿ ಕೊಡುವ ಸ್ನಾತಕೋತ್ತರ ವಿದ್ಯಾರ್ಥಿವೇತನಕ್ಕೆ ಕನಿಷ್ಠ ಎರಡು ವರ್ಷಗಳ ವೃತ್ತಿ ಅನುಭವ ಅಗತ್ಯ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಅಷ್ಟೇ, 2,800 ಗಂಟೆಗಳ ದುಡಿಮೆ. ಇದರ ಅರ್ಥವನ್ನು ತಂದೆತಾಯಂದಿರು ಗಮನಿಸಬೇಕು. ಪದವಿಯಾದ ಕೂಡಲೇ ವಿಮಾನ ಹತ್ತಿಸುವ ಅವಸರವೇ ಹಲವು ಬಾಗಿಲುಗಳನ್ನು ಮುಚ್ಚುತ್ತದೆ. ಊರಿನ ಸಮೀಪದ ಕಾರ್ಖಾನೆಯಲ್ಲೋ, ವಿನ್ಯಾಸ ಸಂಸ್ಥೆಯಲ್ಲೋ ಎರಡು ವರ್ಷ ದುಡಿದವನ ಅರ್ಜಿ ಹಗುರಾಗುವುದಿಲ್ಲ. ಎಷ್ಟೋ ವೇಳೆ ಹಾಗೆ ದುಡಿದ ಮೇಲಷ್ಟೇ ಅದನ್ನು ಪರಿಶೀಲನೆಗೆ ತೆಗೆದುಕೊಳ್ಳುತ್ತಾರೆ.

ಕೆಲಸದ ಅನುಭವವಿಲ್ಲದವರೂ ಪ್ರಯತ್ನಿಸಬಹುದಾದದ್ದು ಯೂರೋಪು ಒಕ್ಕೂಟದ ಎರಾಸ್ಮಸ್ ಮುಂಡಸ್. ಕನಿಷ್ಠ ಎರಡು ದೇಶಗಳಲ್ಲಿ ಓದಿ ಪಡೆಯುವ ಈ ಜಂಟಿ ಪದವಿಗೆ ತಿಂಗಳಿಗೆ 1,400 ಯೂರೋ ದೊರೆಯುತ್ತದೆ, ಶುಲ್ಕವಿಲ್ಲ. ಭಾರತೀಯರು ಇದನ್ನು ವರ್ಷವರ್ಷವೂ ಗಣನೀಯ ಸಂಖ್ಯೆಯಲ್ಲಿ ಪಡೆಯುತ್ತಿದ್ದಾರೆ. ಅರ್ಜಿಯ ಕಾಲ ಬಹುತೇಕ ಅಕ್ಟೋಬರಿನಿಂದ ಜನವರಿಯವರೆಗೆ.

ದೇಶದೊಳಗಿನದಾಗಲಿ ಹೊರಗಿನದಾಗಲಿ, ಆಯ್ಕೆ ಸಮಿತಿಯ ಮುಂದೆ ಅಂಕಪಟ್ಟಿಯ ಜತೆಗೆ ಬರುವುದು ಮೂರು ಸಂಗತಿಗಳು: ವಿದ್ಯಾರ್ಥಿ ಮಾಡಿದ ಕೆಲಸ, ಅದನ್ನು ಕಂಡವರ ಪತ್ರ, ಅವನೇ ಬರೆದ ಉದ್ದೇಶಪತ್ರ. ಈ ಮೂರರಲ್ಲೂ ನಮ್ಮ ಮಕ್ಕಳು ಸೋಲುತ್ತಿರುವುದು ಬುದ್ಧಿಯ ಕೊರತೆಯಿಂದಲ್ಲ, ರೂಢಿಯ ದೋಷದಿಂದ ಎಂದು ನಮಗನಿಸುತ್ತದೆ.

ಅಂತಿಮ ವರ್ಷದ ಪ್ರಾಜೆಕ್ಟನ್ನೇ ನೋಡೋಣ. ನಗರಗಳಲ್ಲಿ ಸಿದ್ಧ ಪ್ರಾಜೆಕ್ಟುಗಳನ್ನು ವರದಿಯ ಸಮೇತ ಮಾರುವ ಅಂಗಡಿಗಳಿರುವುದು ಗುಟ್ಟಿನ ವಿಷಯವೇನಲ್ಲ. ನಾಲ್ವರು ಸೇರಿ ಕೆಲವು ಸಾವಿರ ತೆತ್ತು ಅದನ್ನು ಕೊಂಡರೆ ಪದವಿಯ ಅಂಕವೇನೋ ಬರುತ್ತದೆ. ಆದರೆ ವಿದ್ಯಾರ್ಥಿವೇತನದ ಸಂದರ್ಶನದಲ್ಲಿ 'ಈ ಅಳತೆಯನ್ನೇ ಏಕೆ ಆರಿಸಿಕೊಂಡಿರಿ? ಮೊದಲ ಪ್ರಯತ್ನದಲ್ಲಿ ಏನು ಕೆಟ್ಟಿತು?' ಎಂಬ ಎರಡು ಪ್ರಶ್ನೆಗಳಲ್ಲೇ ಬಣ್ಣ ಬಯಲಾಗುತ್ತದೆ. ಇದನ್ನು ಅಪ್ರಾಮಾಣಿಕತೆಯೆಂದು ಕರೆಯಲು ನಾವು ಅಂಜಬೇಕಿಲ್ಲ. ಅದಕ್ಕೆ ಹಣ ಕೊಡುವ ತಂದೆ, ಮಗನ ಮುಂದಿನ ದಾರಿಯನ್ನು ತಾನೇ ಕಡಿದಂತಾಗುತ್ತದೆ. ಕೈಯಿಂದ ಮಾಡಿದ ಸಣ್ಣ ಕೆಲಸವಾದರೂ ಸಾಕು. ಊರಿನ ಹಂಚಿನ ಕಾರ್ಖಾನೆಯ ಒಲೆಯಲ್ಲಿ ಸೋರಿಹೋಗುವ ಶಾಖವನ್ನು ಅಳೆದದ್ದು, ಕೆರೆಯ ನೀರಿನ ಮಟ್ಟ ದಾಖಲಿಸುವ ಅಗ್ಗದ ಯಂತ್ರ ಕಟ್ಟಿದ್ದು, ಅದು ಮಳೆಗಾಲದಲ್ಲಿ ಕೆಟ್ಟದ್ದು, ಕೆಟ್ಟದ್ದೇಕೆಂದು ಕಂಡುಹಿಡಿದದ್ದು ಸಮಿತಿಯ ಕಣ್ಣಿಗೆ ನಿಜವಾದ ಇಂಜಿನಿಯರಿಂಗ್ ಆಗಿ ಕಾಣುತ್ತದೆ.

ಇಂತಹ ಕೆಲಸಕ್ಕೆ ಆಸರೆಯೂ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಹಲವು ದಶಕಗಳಿಂದ ವಿದ್ಯಾರ್ಥಿ ಪ್ರಾಜೆಕ್ಟು ಯೋಜನೆಯಡಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಣ್ಣ ಮೊತ್ತದ ಅನುದಾನ ನೀಡುತ್ತ ಬಂದಿದೆ. ಅರ್ಜಿಯನ್ನು ಕಾಲೇಜಿನ ಮೂಲಕ ಕಳುಹಿಸಬೇಕು. ಮೊತ್ತಕ್ಕಿಂತಲೂ, ಹೊರಗಿನ ತಜ್ಞರು ಪರಿಶೀಲಿಸಿ ಒಪ್ಪಿದರೆಂಬ ಒಂದು ಸಾಲು ಮುಂದಿನ ಅರ್ಜಿಗಳಲ್ಲಿ ಬೆಲೆಯುಳ್ಳದ್ದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುತ್ತ ಬಂದಿರುವ ಬೇಸಿಗೆಯ ಸಂಶೋಧನಾ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಹಿರಿಯ ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡುವ ಅವಕಾಶವಿದೆ. ಕೆನಡಾದ ಮೈಟ್ಯಾಕ್ಸ್ ಸಂಸ್ಥೆಯ ಗ್ಲೋಬಲಿಂಕ್ ಕಾರ್ಯಕ್ರಮ ಹನ್ನೆರಡು ವಾರಗಳದು. ಎರಡನೆಯ, ಮೂರನೆಯ ವರ್ಷದ ವಿದ್ಯಾರ್ಥಿಗಳು ರಜೆಯಲ್ಲಿ ಮತ್ತೊಂದು ಗಣಕ ಕೋರ್ಸಿನ ಪ್ರಮಾಣಪತ್ರ ಕೊಳ್ಳುವುದಕ್ಕಿಂತ ಇಂಥವುಗಳಿಗೆ ಅರ್ಜಿ ಹಾಕುವುದು ಲೇಸು.

ಎರಡನೆಯದು ಶಿಫಾರಸು ಪತ್ರ. ಶಿಫಾರಸು ಎಂದೊಡನೆ ನಮ್ಮ ಕಿವಿಗೆ ಬೇರೆಯೇ ಅರ್ಥ ಕೇಳಿಸುತ್ತದೆ. ಆದ್ದರಿಂದಲೇ ಪ್ರಾಂಶುಪಾಲರ ಮುದ್ರೆ, ಶಾಸಕರ ಕಾಗದ, ಕೆಲವೊಮ್ಮೆ ಧರ್ಮಕೇಂದ್ರದ ಗುರುಗಳ ಪತ್ರ ಬೇಕೆಂದು ಓಡಾಡುತ್ತೇವೆ. ಗುರುಗಳು ಹುಡುಗನ ನಡತೆಯನ್ನು ಪ್ರಮಾಣೀಕರಿಸಬಲ್ಲರು, ಅವನ ದ್ರವಚಲನಶಾಸ್ತ್ರದ ಜ್ಞಾನವನ್ನಲ್ಲ. ಸಮಿತಿಗೆ ಬೇಕಾದದ್ದು ಅವನನ್ನು ಪ್ರಯೋಗಾಲಯದಲ್ಲಿ ಕಂಡ, ಅವನು ಮಾಡಿದ್ದೇನೆಂದು ಹೆಸರಿಸಿ ಹೇಳಬಲ್ಲ ಅಧ್ಯಾಪಕರ ಮಾತು. ಅವರು ಕಿರಿಯ ಉಪನ್ಯಾಸಕರಾದರೂ ಚಿಂತೆಯಿಲ್ಲ. 'ನೀನೇ ಬರೆದು ತಾ, ಸಹಿ ಹಾಕುತ್ತೇನೆ' ಎಂಬ ಪದ್ಧತಿ ನಮ್ಮ ಅನೇಕ ಕಾಲೇಜುಗಳಲ್ಲಿ ಬೇರೂರಿದೆ. ಹಾಗೆ ಬರೆದ ಮೂರು ಪತ್ರಗಳೂ ಒಂದೇ ಧಾಟಿಯಲ್ಲಿದ್ದು, ಓದುವವರಿಗೆ ಕ್ಷಣದಲ್ಲಿ ತಿಳಿಯುತ್ತದೆ. ಅಧ್ಯಾಪಕರಿಗೆ ಬಿಡುವಿಲ್ಲವೆಂಬುದು ನಿಜವೇ. ಅದಕ್ಕೆ ಪರಿಹಾರ, ಗಡುವಿಗೆ ಆರು ವಾರ ಮೊದಲೇ ಹೋಗಿ, ಅಂಕಪಟ್ಟಿ, ಪ್ರಾಜೆಕ್ಟಿನ ಒಂದು ಪುಟದ ಸಾರ, ಅರ್ಜಿಗಳ ದಿನಾಂಕಗಳ ಪಟ್ಟಿ ಇವಿಷ್ಟನ್ನು ಅವರ ಕೈಗಿತ್ತು ವಿನಯದಿಂದ ಕೇಳಿಕೊಳ್ಳುವುದು. ಪತ್ರವನ್ನು ಅವರು ಸಂಸ್ಥೆಯ ಅಧಿಕೃತ ಇ-ಮೇಲ್ ವಿಳಾಸದಿಂದಲೇ ಕಳುಹಿಸುವಂತೆ ನೋಡಿಕೊಳ್ಳಬೇಕು. ಬೇರೆ ವಿಳಾಸದಿಂದ ಬಂದದ್ದನ್ನು ಹಲವೆಡೆ ಮಾನ್ಯ ಮಾಡುವುದಿಲ್ಲ. ನಮ್ಮ ಸಮುದಾಯದಲ್ಲೇ ಇಂಜಿನಿಯರಿಂಗ್ ಅಧ್ಯಾಪಕರು ಅನೇಕರಿದ್ದಾರೆ. ಅವರಲ್ಲಿ ಒಂದು ಬಿನ್ನಹ: ವರ್ಷಕ್ಕೆ ಮೂವರು ವಿದ್ಯಾರ್ಥಿಗಳಿಗಾದರೂ ಸ್ವತಃ ಕುಳಿತು, ನಿಜವಾದ ಪತ್ರ ಬರೆಯಿರಿ.

ಉದ್ದೇಶಪತ್ರದ ಅವಸ್ಥೆ ಇನ್ನೂ ಶೋಚನೀಯ. 'ಬಾಲ್ಯದಿಂದಲೂ ನನಗೆ ಯಂತ್ರಗಳೆಂದರೆ ಕುತೂಹಲ' ಎಂದು ಆರಂಭವಾಗುವ ಪತ್ರಗಳನ್ನು ಸಮಿತಿಯವರು ಅದೆಷ್ಟು ಓದಿರುತ್ತಾರೋ! ಹಿಂದೆ ಸಲಹಾ ಕೇಂದ್ರಗಳು ಒಂದೇ ಮಾದರಿಯನ್ನು ಹೆಸರು ಬದಲಿಸಿ ಕೊಡುತ್ತಿದ್ದವು. ಈಗ ಅದನ್ನು ಗಣಕಯಂತ್ರವೇ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ವ್ಯಾಕರಣ ಚೊಕ್ಕ, ಒಳಗೆ ಏನೂ ಇಲ್ಲ. ಯಾವ ಸಮಸ್ಯೆ ತನ್ನನ್ನು ಕಾಡುತ್ತಿದೆ, ಅದರ ಬಗ್ಗೆ ಇದುವರೆಗೆ ತಾನು ಏನು ಮಾಡಿದ್ದೇನೆ, ಎಲ್ಲಿ ನಿಂತೆ, ಮುಂದುವರಿಯಲು ಆ ವಿಶ್ವವಿದ್ಯಾಲಯವೇ ಏಕೆ, ಅಲ್ಲಿ ಅದೇ ವಿಷಯದಲ್ಲಿ ದುಡಿಯುತ್ತಿರುವವರು ಯಾರು ಎಂಬಿಷ್ಟನ್ನು ಎರಡು ಪುಟದಲ್ಲಿ ಹೇಳಿದರೆ ಸಾಕು. ಒಂದು ಸೆಮಿಸ್ಟರಿನಲ್ಲಿ ಅನುತ್ತೀರ್ಣನಾಗಿದ್ದರೆ ಅದನ್ನು ಮುಚ್ಚಿಡದೆ, ಕಾರಣವನ್ನು ಎರಡು ವಾಕ್ಯಗಳಲ್ಲಿ ತಿಳಿಸಿ, ಆಮೇಲಿನ ಅಂಕಗಳತ್ತ ಬೆರಳು ತೋರಿಸುವುದು ಮೇಲು. ಅಂಕಪಟ್ಟಿ ಹೇಗೂ ಅವರ ಕೈಯಲ್ಲಿರುತ್ತದೆ.

ಸಮಾಜಸೇವೆಯ ಬಗ್ಗೆ ಒಂದು ಮಾತು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನವು ಪ್ರತಿಭೆಯ ಜತೆಗೆ, ಈ ವ್ಯಾಸಂಗದಿಂದ ತಾಯ್ನಾಡಿನ ಅಭಿವೃದ್ಧಿಗೆ ಆಗುವ ಪ್ರಯೋಜನವನ್ನು ತೂಗಿ ನೋಡುತ್ತದೆ. ಮೇಲೆ ಹೇಳಿದ ಅಮೆರಿಕದ ಪ್ರತಿಷ್ಠಾನವೂ ಸಮಾಜಕ್ಕಾಗುವ ವಿಶಾಲ ಪರಿಣಾಮವನ್ನು ಎರಡು ಮುಖ್ಯ ಮಾನದಂಡಗಳಲ್ಲಿ ಒಂದಾಗಿ ಇಟ್ಟುಕೊಂಡಿದೆ. ನಮ್ಮ ಯುವಕಯುವತಿಯರಲ್ಲಿ ಯುವಸಂಘಟನೆಗಳಲ್ಲಿ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿ ವರ್ಷಗಟ್ಟಲೆ ದುಡಿದವರು ಬಹಳ. ಆದರೆ ಅರ್ಜಿಯಲ್ಲಿ ಅದನ್ನು 'ಸದಸ್ಯ' ಎಂಬ ಒಂದು ಪದದಲ್ಲಿ ಮುಗಿಸುತ್ತಾರೆ, ಇಲ್ಲವೇ ಪದಾಧಿಕಾರದ ಪಟ್ಟಿಯನ್ನು ಮುಂದಿಡುತ್ತಾರೆ. ಸಂಘದವರು ಶಾಲೆಯೊಂದಕ್ಕೆ ಮಳೆನೀರಿನ ತೊಟ್ಟಿ ಕಟ್ಟಿಸಿದಾಗ ಮಾಡಿನ ವಿಸ್ತೀರ್ಣವನ್ನೂ ಮಳೆಯ ಪ್ರಮಾಣವನ್ನೂ ನೋಡಿ ತೊಟ್ಟಿಯ ಗಾತ್ರವನ್ನು ಲೆಕ್ಕ ಹಾಕಿದವನು ತಾನೆಂದು ಸಿವಿಲ್ ವಿದ್ಯಾರ್ಥಿಯೊಬ್ಬ ಬರೆದರೆ, ಆ ಒಂದು ವಾಕ್ಯದಲ್ಲಿ ಸೇವೆಯೂ ಇದೆ, ಇಂಜಿನಿಯರಿಂಗೂ ಇದೆ.

ಅಲ್ಪಸಂಖ್ಯಾತರೆಂಬ ನೆಲೆಯಲ್ಲಿ ದೊರೆಯುತ್ತಿದ್ದ ನೆರವಿನ ಬಗ್ಗೆ ಹಳೆಯ ಮಾಹಿತಿಯನ್ನೇ ನಂಬಿ ಕುಳಿತವರಿದ್ದಾರೆ. ಸಂಶೋಧಕರಿಗಿದ್ದ ಕೇಂದ್ರ ಸರ್ಕಾರದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್, ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ 'ಪಢೋ ಪರದೇಶ್' ಯೋಜನೆ ಎರಡನ್ನೂ 2022-23ರಲ್ಲಿ ನಿಲ್ಲಿಸಲಾಯಿತು. ಇದು ವಿಷಾದನೀಯ, ಇದರ ಬಗ್ಗೆ ನಮ್ಮ ಸಂಘಟನೆಗಳು ಇನ್ನಷ್ಟು ಗಟ್ಟಿಯಾಗಿ ದನಿಯೆತ್ತಬೇಕಿತ್ತು. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯ ಮತ್ತು ಅಭಿವೃದ್ಧಿ ನಿಗಮಗಳ ಪ್ರಕಟಣೆಗಳನ್ನು ಆಯಾ ವರ್ಷ ಜಿಲ್ಲಾ ಕಚೇರಿಯಲ್ಲೇ ವಿಚಾರಿಸಿ ತಿಳಿಯುವುದು ಕ್ಷೇಮ. ಆದಾಯ ಹಾಗೂ ಜಾತಿಧರ್ಮದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟಿರಬೇಕು. ಜಾತಿಮತದ ಭೇದವಿಲ್ಲದೆ ಎಲ್ಲ ಭಾರತೀಯರಿಗೂ ತೆರೆದಿರುವ ಜೆ.ಎನ್. ಟಾಟಾ ದತ್ತಿನಿಧಿ 1892ರಷ್ಟು ಹಳೆಯದು. ಅದು ದಾನವಲ್ಲ, ಸಾಲರೂಪದ ವಿದ್ಯಾರ್ಥಿವೇತನ. ಮುಂದೆ ರಾಷ್ಟ್ರಪತಿಗಳಾದ ಕೆ.ಆರ್. ನಾರಾಯಣನ್ ಅವರು ಟಾಟಾ ನೆರವಿನಿಂದಲೇ ಲಂಡನ್ನಿಗೆ ಹೋಗಿ ಓದಿದವರು. ಇವುಗಳ ನಡುವೆ, 'ನಿಮಗೆ ವಿದ್ಯಾರ್ಥಿವೇತನ ಮಂಜೂರಾಗಿದೆ, ಬಿಡುಗಡೆಗೆ ಇಷ್ಟು ಹಣ ಕಟ್ಟಿ' ಎಂದು ಬರುವ ಕರೆಗಳಿಗೆ ಕಿವಿಗೊಡದಿರುವುದು ಒಳಿತು. ನಿಜವಾದ ವಿದ್ಯಾರ್ಥಿವೇತನ ಯಾವುದೂ ಮಂಜೂರಾತಿಗೆ ಹಣ ಕೇಳುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮೊದಲ ವರ್ಷ ಏನೂ ದೊರೆಯದೆ ಹೋಗಬಹುದು. ಆಗ ಮನೆಯವರು ನಡೆದುಕೊಳ್ಳುವ ರೀತಿ ಮುಖ್ಯ. ನೆಂಟರಿಷ್ಟರ ಮುಂದೆ 'ಮಗ ಇನ್ನೂ ಮನೆಯಲ್ಲೇ ಇದ್ದಾನೆ' ಎಂದು ಹೇಳುವ ಸಂಕೋಚಕ್ಕೇ ಎಷ್ಟೋ ಸಾಲಪತ್ರಗಳಿಗೆ ಸಹಿ ಬಿದ್ದಿದೆ. ಗೇಟ್ ಅಂಕಕ್ಕೆ ಇನ್ನೂ ಎರಡು ವರ್ಷ ಬಾಳಿಕೆಯಿದೆ. ಪ್ರಯೋಗಾಲಯವೊಂದರಲ್ಲಿ ಪ್ರಾಜೆಕ್ಟು ಸಹಾಯಕನಾಗಿ ಸಣ್ಣ ಸಂಬಳಕ್ಕೆ ಸೇರಿದರೂ ಅಲ್ಲಿನ ಹಿರಿಯರ ಪತ್ರ ಮುಂದಿನ ಅರ್ಜಿಯ ತೂಕವನ್ನು ಹೆಚ್ಚಿಸುತ್ತದೆ. ನೆರವಿಲ್ಲದ ಪ್ರವೇಶಪತ್ರ ಬಂದಿದ್ದರೆ, ಮುಂದಿನ ವರ್ಷಕ್ಕೆ ಮುಂದೂಡಲು ಸಾಧ್ಯವೇ ಎಂದು ಆ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಕೇಳಬಹುದು. ನೆರವಿನ ಅವಕಾಶವಿದೆಯೇ ಎಂದೂ ಕೇಳಬಹುದು. ಅಮೆರಿಕದ ಬಹುತೇಕ ಪ್ರಮುಖ ವಿಶ್ವವಿದ್ಯಾಲಯಗಳು, ನೆರವಿನ ಸಹಿತ ಪ್ರವೇಶ ಪಡೆದವರು ಒಪ್ಪಿಗೆ ತಿಳಿಸಲು ಏಪ್ರಿಲ್ 15ರವರೆಗೆ ಕಾಲಾವಕಾಶ ಕೊಡಬೇಕೆಂಬ ಒಪ್ಪಂದಕ್ಕೆ ಬದ್ಧವಾಗಿವೆ. ಆ ದಿನಾಂಕದ ಹೊತ್ತಿಗೆ ಕೆಲವರು ಬೇರೆಡೆಗೆ ಹೋಗಿ ಸ್ಥಾನಗಳು ತೆರವಾಗುವುದುಂಟು. ಏಪ್ರಿಲ್ ಎರಡನೆಯ ವಾರದಲ್ಲಿ ವಿಭಾಗದ ಕಚೇರಿಗೆ ಕಳುಹಿಸಿದ ನಾಲ್ಕು ಸಾಲಿನ ಸೌಜನ್ಯದ ಪತ್ರಕ್ಕೆ ತಗಲುವ ಖರ್ಚು ಏನೂ ಇಲ್ಲ.